ದಾಕು ಅಂದರೆ ಡಾಕಾ ಅಲ್ಲ

ನಿಮ್ಮ ಮನೆಯಲ್ಲಿ ಇದ್ದಕ್ಕಿದ್ದಂತೆ ಲವಂಗ ಖಾಲಿಯಾದರೆ ಮೊದಲು ಶಾಲೆಗೆ ಹೋಗುವ ಮಕ್ಕಳನ್ನು ವಿಚಾರಿಸಿ. ಮೊನ್ನೆ ನಮ್ಮ ಮೊಮ್ಮಗಳು ಪುಟ್ಟಿ ಗೋದಿಹಿಟ್ಟಿನ ಉಂಡೆಗೆ ಡಬ್ಬಿಯ ಲವಂಗವನ್ನೆಲ್ಲ ಚುಚ್ಚಿ, ಘಮಘಮ ಎನ್ನುವ ವೈರಸ್ಸೊಂದನ್ನು ನನ್ನ ಮುಂದಿಟ್ಟಳು.

"ಅಜ್ಜ, ಈ ಮುಳ್ಳು ಪ್ರೋಟೀನು. ಇದಿಲ್ದಿದ್ರೆ ವೈರಸ್ಸಿಗೆ ಒಳಗೆ ಹೋಪಲೆ ಆಗ್ತಿಲ್ಲೆ. ಗೊತ್ತಿದ್ದಾ ನಿಂಗೆ?"

ಮೂವತ್ತು ವರ್ಷ ವಿಜ್ಞಾನ ಕಲಿಸಿದವನಿಗೆ ಈ ಪ್ರಶ್ನೆ! ಆದರೆ ಪೂರ್ತಿ ಗೊತ್ತಿರಲಿಲ್ಲ, ಅವಳೇ ಹೇಳಿಕೊಟ್ಟಳು. ನಮ್ಮ ಜೀವಕೋಶದ ಹೊರಮೈಯಲ್ಲಿ ಒಂದು ಚಾಚು ಇರುತ್ತದಂತೆ. ಮುಳ್ಳಿನ ತುದಿ ಅದಕ್ಕೆ ಸರಿಯಾಗಿ ಕೂತರೆ ಹಿಡಿತ ಸಿಕ್ಕಿತು. ಆಮೇಲೆ ಮುಳ್ಳು ತನ್ನ ಆಕಾರವನ್ನೇ ಬದಲಿಸಿ, ಮಡಚಿಕೊಂಡು, ವೈರಸ್ಸಿನ ಪೊರೆಯನ್ನೂ ಕೋಶದ ಪೊರೆಯನ್ನೂ ಎಳೆದು ಒಂದು ಮಾಡುತ್ತದೆ. ಅಲ್ಲಿಗೆ ಒಳಗಿನ ಸರಕು ಮನೆ ಹೊಕ್ಕ ಹಾಗೆ. ಎಲ್ಲ ವೈರಸ್ಸೂ ಇದೇ ಥರ ಹೊಗುವುದಿಲ್ಲವಂತೆ, ಆದರೆ ಹೊರಮೈಯಲ್ಲಿ ಇಂಥದೊಂದು ಕೈ ಇಲ್ಲದೆ ಯಾವುದಕ್ಕೂ ಆಗುವುದಿಲ್ಲ. ಲವಂಗದ ವಾಸನೆಗೋ ಏನೋ, ನನಗೆ ನೀಲವ್ವ ನೆನಪಾದಳು. ಅವಳ ಬಾಯಲ್ಲಿ ಯಾವಾಗಲೂ ಒಂದು ಲವಂಗ ಇರುತ್ತಿತ್ತು.

ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಸಿದ್ದಾಪುರದ ಕಡೆಯವನಾದ ನಾನು ಬನವಾಸಿ ದಾರಿಯ ಒಂದೂರಿಗೆ ಮಾಸ್ತರನಾಗಿ ಹೋಗಿದ್ದೆ. ಪಕ್ಕದ ಊರಿಗೆ ಸಿಡುಬು ಬಂದಿತ್ತು. ಲಸಿಕೆ ಹಾಕಲಿಕ್ಕೆ ಮೈಸೂರು ಕಡೆಯಿಂದ ವರ್ಗವಾಗಿ ಬಂದವರು ನಂಜಪ್ಪ, ತೀರಾ ಸಾಧು ಮನುಷ್ಯ. ಸಿಡುಬಿನ ಲಸಿಕೆಗೆ ನಮ್ಮಲ್ಲಿ 'ದೇವಿ ಹಾಕೋದು' ಅನ್ನುತ್ತಿದ್ದರು. ಅವರ ಸೀಮೆಯಲ್ಲಿ 'ದಾಕು ಹಾಕೋದು'. ಪಾಪ, ಓಣಿಯ ಮೊದಲ ಮನೆಯ ಮುಂದೆ ನಿಂತು, "ದಾಕು ಹಾಕೋರು ಬಂದಿದೀವಿ, ಬಾಗಿಲು ತೆಗೀರಮ್ಮ" ಅಂದರು. ಒಳಗಿದ್ದ ನೀಲವ್ವನ ಕಿವಿಗೆ ಬಿದ್ದದ್ದು ಡಾಕಾ, ಅಂದರೆ ದರೋಡೆ. ಹಾಡೇಹಗಲು, ಅಮ್ಮಾ ಅಂತ ಮರ್ಯಾದೆ ಕೊಟ್ಟು ಡಾಕಾ ಹಾಕುವವರನ್ನು ಅವಳು ಕಂಡಿರಲಿಲ್ಲ. ಅಗಳಿ ಜಡಿದು ಕೂಗಿದಳು ನೋಡಿ, ಓಣಿಗೆ ಓಣಿಯೇ ಬಾಗಿಲು ಹಾಕಿಕೊಂಡಿತು.

ನಂಜಪ್ಪ ಬೆವರುತ್ತ ಶಾಲೆಗೆ ಬಂದರು. "ಥರ್ಮಾಸಿನ ಐಸು ಕರಗ್ತಾ ಇದೆ ಮೇಷ್ಟ್ರೇ, ಸಂಜೆಗೆ ಔಷಧಿ ಕೆಟ್ಟೋಗುತ್ತೆ. ಮತ್ತೆ ಯಾವಾಗ ಬರ್ತೀನೋ." ನೀಲವ್ವನ ಮನೆಯಲ್ಲಿ ಎಂಟು ತಿಂಗಳ ಮೊಮ್ಮಗ ಇದ್ದ. ಅಷ್ಟು ಎಳೆಯ ಮಗುವಿಗೆ ಸಿಡುಬು ತಗುಲಿದರೆ ಉಳಿಯುವುದು ಕಷ್ಟ. ಎದ್ದು ಹೊರಟೆ.

ಡಾಕಾ ಅಲ್ಲ, ದೇವಿ ಹಾಕೋದು ಎಂದಾಗ ಬಾಗಿಲಾಚೆ ನಗು ಕೇಳಿಸಿತು, ಅಗಳಿ ಮಾತ್ರ ಸರಿಯಲಿಲ್ಲ. ರೋಗ ಹತ್ತಿರ ಬಂದಾಗ ಕೂಸಿನ ಮೈ ಗೀರಿ ಅದಕ್ಕೆ ದಾರಿ ಯಾಕೆ ಮಾಡಿಕೊಡಬೇಕು ಅನ್ನುವುದು ಅವಳ ತಕರಾರು. ಆಗ ಇಳಿಯಿತು ನೋಡಿ ನನ್ನ ಪಾಂಡಿತ್ಯ, ಓದಿದ್ದು ಅರ್ಧ, ಊಹೆ ಅರ್ಧ. "ರೋಗ ಕಳ್ಳ ಇದ್ದ ಹಾಗೆ ನೀಲವ್ವ. ಚಿಲಕ ತೆಗೆಯುವ ಕೈ ಅದಕ್ಕಿದೆ. ಈ ಔಷಧಿ ಅದರ ದಾಯಾದಿ. ಸ್ವಭಾವ ಸಾಧು, ಕೈ ಮಾತ್ರ ಹೆಚ್ಚುಕಡಿಮೆ ಅದರದೇ. ಒಮ್ಮೆ ಆ ಕೈ ಕಂಡರೆ ಮೈ ಮರೆಯೋದಿಲ್ಲ, ನಿಜವಾದ ಕಳ್ಳ ಬಂದಾಗ ಹಿಡಿದುಹಾಕುತ್ತದೆ."

ಆಮೇಲೆ ಬಾಗಿಲ ಸಂದಿಯಿಂದ ಲವಂಗದ ವಾಸನೆಯ ಜೊತೆ ಪ್ರಶ್ನೆ ಬಂತು. "ತಿಳೀತ್ರಿ. ಕಳ್ಳನ ಕೈ ಗುರ್ತು ಮೊದಲ ಹಿಡಿಸಿಡೂದು. ನಿಮಗ ಹಾಕ್ಯಾರೇನ್ರಿ, ಮಾಸ್ತರ?"

ಚಿಕ್ಕವನಿದ್ದಾಗ ದೇವಿ ಹಾಕುವವರು ಊರಿಗೆ ಬಂದಾಗಲೆಲ್ಲ ನಾನು ಅಟ್ಟ ಹತ್ತಿ ಅಡಗುತ್ತಿದ್ದೆ. ಮನೆಯಲ್ಲಿ ಕೇಳಿದರೆ ಶಾಲೆಯಲ್ಲಿ ಹಾಕಿದರು ಅನ್ನುವುದು, ಶಾಲೆಯಲ್ಲಿ ಕೇಳಿದರೆ ಮನೆಯಲ್ಲಿ ಹಾಕಿದರು ಅನ್ನುವುದು. ನಂಜಪ್ಪ ನನ್ನ ಮುಖ ನೋಡಿದರು.

"ಇಲ್ಲ" ಅಂದೆ.

"ಹಂಗಾರ ನಿಮ್ಮ ತೋಳು ಮೊದಲ ಆಗ್ಲಿ. ಆಮ್ಯಾಲ ನನ್ನ ಕೂಸು."

ಅಂಗಿ ತೋಳು ಮಡಚಿ, ಕಣ್ಣು ಮುಚ್ಚಿ, ಆಕೆಯ ಕಟ್ಟೆಯ ಮೇಲೇ ಹಾಕಿಸಿಕೊಂಡೆ. ಅಗಳಿ ಸರಿಯಿತು. ಕೂಸು ಒಮ್ಮೆ ಚೀರಿತು, ನನ್ನಷ್ಟೇನೂ ಹೆದರಲಿಲ್ಲ. ಸಂಜೆಯೊಳಗೆ ಓಣಿಯವರೆಲ್ಲ ಸಾಲಾಗಿ ನಿಂತರು. ಕೂಸಿಗೆ ಜ್ವರ ಬಂದ ದಿನ ಮಾತ್ರ ನಾನು ನಾಲ್ಕು ಸಲ ಆ ಮನೆ ಮುಂದೆ ಹಾದೆ. ಎಂಟನೆಯ ದಿನ ನೀಲವ್ವ ಅದನ್ನೆತ್ತಿ ತಂದು, ಲಸಿಕೆ ಹತ್ತಿದ್ದಕ್ಕೆ ಗುರುತಾಗಿ ತೋಳಿನಲ್ಲಿ ಚೆನ್ನಾಗಿ ಎದ್ದ ಗುಳ್ಳೆ ತೋರಿಸಿದಳು. ಇಬ್ಬರೂ ನಕ್ಕೆವು.

ಮುಂದಿನ ತಿಂಗಳು ಸಿಡುಬು ನಮ್ಮೂರಿಗೂ ಬಂತು. ನಾನು ಎರಡು ಹೊತ್ತು ಊಟ ಮಾಡುತ್ತಿದ್ದ ಖಾನಾವಳಿಯ ಯಜಮಾನರು ಅವತ್ತು ಸಂತೆಗೆ ಹೋಗಿದ್ದವರು, ಹಾಕಿಸಿಕೊಂಡಿರಲಿಲ್ಲ. ನನಗೆ ಬಡಿಸುತ್ತಿದ್ದಾಗಲೇ ಅವರಿಗೆ ಜ್ವರ. ಬದುಕಿದರು, ಆದರೆ ಒಂದು ಕಣ್ಣು ಹೋಯಿತು. ನೀಲವ್ವನ ಕೂಸಿಗೂ ನನಗೂ ಏನೂ ಆಗಲಿಲ್ಲ.

ಈ ಕತೆಯನ್ನು ನಾನು ಎಷ್ಟು ತರಗತಿಗಳಲ್ಲಿ ಹೇಳಿದ್ದೇನೋ. ಪ್ರತಿ ಸಲವೂ ನನ್ನ ಭಾಷಣಕ್ಕೇ ಬಾಗಿಲು ತೆರೆಯುತ್ತಿತ್ತು. ಅಟ್ಟದ ಸುದ್ದಿ ಬರುತ್ತಲೇ ಇರಲಿಲ್ಲ. ಮೊನ್ನೆ ಪುಟ್ಟಿಗೆ, ಯಾಕೋ, ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ಹೇಳಿ ಮುಗಿಸಿದ ಮೇಲೆ ಹಗುರಾಯಿತು.

"ಅಂತೂ ಕೂಸಿನ ಉಳಿಸಿದೆ ಅಲ್ದಾ, ಅಜ್ಜ?" ಅಂದಳು.

"ಕೂಸಿನ ನಂಜಪ್ಪ ಉಳಿಸಿದ್ರು" ಅಂದೆ. "ಎನ್ನ ಉಳಿಸಿದ್ದು ನೀಲವ್ವ."