ತಮ್ಮನ ಮದುವೆಯ ಕಂಬಳಿ

ಸರಸಂಬಾದಿಂದ ಕರಜಗಿಗೆ ಸೊಸೆಯಾಗಿ ಬಂದಾಗ ಆ ಮನೆಯಲ್ಲಿ ಉಣ್ಣೆ ನೂಲುವವಳು ನಾನೊಬ್ಬಳೇ. ಅತ್ತೆಯ ಕಣ್ಣು ಮಂಜಾಗಿತ್ತು. ಮಾವ ಈಗಲೂ ಮಗ್ಗದಲ್ಲಿ ಕಂಬಳಿ ನೇಯುತ್ತಾರೆ. ಉದ್ದಕ್ಕೆ ಹೂಡುವ ಹಾಸಿನ ಎಳೆ ಸಣ್ಣದಾಗಿ ಗಟ್ಟಿಯಿರಬೇಕು. ಅಡ್ಡ ಹೋಗುವ ಹೊಕ್ಕಿನ ಎಳೆ ದಪ್ಪಗಿದ್ದರೂ ನಡೆಯುತ್ತದೆ. ಹನ್ನೊಂದು ವರ್ಷ ಹಾಸಿನ ನೂಲು ನನ್ನದೇ ಆಗಿತ್ತು.

ಆಮೇಲೆ ಜೇವರ್ಗಿ ಕಡೆಯಿಂದ ಮೈದುನನ ಹೆಂಡತಿ ಬಂದಳು. ತಿಂಗಳೊಳಗೆ ಮಾವ ಅವಳ ನೂಲನ್ನು ಎಳೆದು ನೋಡಿ, "ಇನ್ನ ಮುಂದ ಹಾಸಿನ ನೂಲು ಸಣ್ಣಾಕಿದೇ ಇರ್ಲಿ" ಅಂದರು. ಅಲ್ಲೇ ರೊಟ್ಟಿ ಬಡಿಯುತ್ತಿದ್ದೆ. ಅವತ್ತಿನ ರೊಟ್ಟಿಗಳೆಲ್ಲ ಅಂಚು ಒಡೆದವು. ಅವಳು ಫೋನಿನಲ್ಲಿ ತಾಯಿಯೊಂದಿಗೆ ನಗುತ್ತಲೇ ತಕಲಿ ತಿರುಗಿಸುವಳು. ಎಳೆ ಒಮ್ಮೆಯೂ ತುಂಡಾಗುತ್ತಿರಲಿಲ್ಲ. ನನಗೆ ಅವಳ ಬೆರಳುಗಳನ್ನು ನೋಡಿದರೇ ಆಗುತ್ತಿರಲಿಲ್ಲ.

ಅಷ್ಟರಲ್ಲಿ ನನ್ನ ತಮ್ಮನ ಮದುವೆ ಗೊತ್ತಾಯಿತು. ಮದುಮಕ್ಕಳನ್ನು ಕೂರಿಸುವ ಕರಿ ಕಂಬಳಿ ನಮ್ಮ ಮನೆಯಿಂದಲೇ ಹೋಗಬೇಕಿತ್ತು. ಕುರಿಮರಿಗಳಿಂದ ಮೊದಲ ಸಲ ಕತ್ತರಿಸಿದ ಮೆತ್ತನೆ ಉಣ್ಣೆಯನ್ನು ಮಾವ ಅವಳ ಬುಟ್ಟಿಗೆ ಸುರಿದರು. ತಮ್ಮ ನನ್ನವನು, ತವರು ನನ್ನದು, ನೂಲು ಮಾತ್ರ ಅವಳದು! ಅವಳು ನೀರಿಗೆ ಹೋದಾಗ, ಹಿಂಜಿಟ್ಟ ಉಣ್ಣೆಯೊಳಗೆ ಕುರಿಯ ಕಾಲಿನ ಗಡುಸು ಕೂದಲನ್ನು ಹಿಡಿ ಹಿಡಿಯಾಗಿ ಬೆರೆಸಿಬಿಟ್ಟೆ. ಕರಿ ಉಣ್ಣೆಯಲ್ಲಿ ಕರಿ ಕೂದಲು; ಫೋನಿನ ಮಾತಿನ ನಡುವೆ ಅವಳಿಗೆ ಗೊತ್ತಾಗದೆ ಅದನ್ನೇ ನೂತಳು.

ಹಾಸು ಹೂಡಿ, ಹುಣಸೆಬೀಜದ ಗಂಜಿ ಬಳಿದು ಒಣಗಿಸಿದಾಗ ಎಳೆಗಳು ಒಂದರ ಹಿಂದೊಂದು ಹರಿದವು. "ಹಿಂಗ್ಯಾಕಾತವ್ವ?" ಎಂದಷ್ಟೇ ಅವಳನ್ನು ಕೇಳಿದರು ಮಾವ. ಮಧ್ಯಾಹ್ನ ಅವಳು ನನ್ನ ಮುಂದೆ ಬಂದು ಎರಡೂ ಅಂಗೈ ಚಾಚಿದಳು.

"ಅಕ್ಕಾ, ನನ್ನ ಕೈ ಕೆಟ್ಟಾವೇನ್ರಿ? ನಿಮ್ಮ ತಮ್ಮನ ಮದಿವಿ ಕಂಬಳಿ ಕೆಡಿಸಿದ್ನಲ್ರಿ."

ಖುಷಿಯಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ; ಚಾಚಿದ ಆ ಕೈಗಳನ್ನು ಹಿಡಿದುಕೊಂಡೆ.

"ನಿನ್ನ ಕೈ ಕೆಟ್ಟಿಲ್ಲ ಬೇ. ಉಣ್ಣ್ಯಾಗ ಗಡಸು ಕೂದಲ ಹಾಕಿದಾಕಿ ನಾನ."

"ಯಾಕ್ರಿ?"

"ನಿನ್ನ ನೂಲು ನನಕಿಂತ ಛಲೋ ಅದ. ಅದಕ."

ಅವಳು ಅಳಲಿಲ್ಲ, ಜಗಳವನ್ನೂ ತೆಗೆಯಲಿಲ್ಲ. ಎಂಟು ದಿನ ನನ್ನೊಂದಿಗೆ ಮಾತು ಬಿಟ್ಟಳು. ಆದರೆ ಮದುವೆ ಹತ್ತಿರವಿತ್ತು, ಅವಳೊಬ್ಬಳಿಂದ ಮುಗಿಯುವಂತಿರಲಿಲ್ಲ. ಬೇರೆ ಉಣ್ಣೆ ಹಿಂಜಿ, ಇಬ್ಬರೂ ಎದುರುಬದುರು ಕೂತು ಮತ್ತೆ ನೂತೆವು. ನನ್ನ ನೂಲನ್ನು ಅವಳು ಎಳೆದೆಳೆದು ನೋಡುತ್ತಿದ್ದಳು. ಎರಡು ಉಂಡೆ ತಿರುಗಿ ನನ್ನ ಮಡಿಲಿಗೇ ಬಿದ್ದವು. ನಾನು ತುಟಿ ಕಚ್ಚಿ ಮೊದಲಿನಿಂದ ನೂತೆ.

ಕಂಬಳಿ ಹೊತ್ತಿಗೆ ಸರಿಯಾಗಿ ಸರಸಂಬಾ ಮುಟ್ಟಿತು. ಮದುವೆಯಲ್ಲಿ ನನ್ನ ಚಿಕ್ಕಮ್ಮ ಅದನ್ನು ಸವರಿ, "ಯಾರು ನೂತಾರಬೇ ಇದನ್ನ?" ಅಂದಳು.

"ನಮ್ಮ ಸಣ್ಣಾಕಿ," ಅಂದೆ. ನಾನೂ ಅರ್ಧ ನೂತಿದ್ದೇನೆಂದು ಹೇಳಲು ಬಾಯಿ ತುರಿಸುತ್ತಿತ್ತು. ಹೇಳಲಿಲ್ಲ.