ಪೆರ್ಪೆತುವಾ ಬರೆಯಗೊಡದ ಪಟ್ಟಿ

ಸೈನಿಕರು ಬೂಗನ್‌ವಿಲ್ ದ್ವೀಪದ ಜನರ ವಿಶ್ವಾಸ ಗೆದ್ದರಂತೆ. ಹೊಳೆಯುವ ಕಾಗದದ ಪುಸ್ತಿಕೆಯೊಂದರಲ್ಲಿ ಹಾಗೆ ಅಚ್ಚಾಗಿದೆ. ಹದಿನಾಲ್ಕನೆಯ ಪುಟದಲ್ಲಿ ನಮ್ಮ ತೊಯಿಮಾನಾ ಊರೂ ಇದೆ: ‘ಸ್ಥಳೀಯ ದಾದಿಯೊಬ್ಬರ ಸಹಕಾರದಿಂದ ಮೂವತ್ತೊಂದು ಮಕ್ಕಳಿಗೆ ದಡಾರದ ಲಸಿಕೆ ಹಾಕಲಾಯಿತು.’ ಸಹಕಾರವಂತೆ. ಆ ದಿನ ಸಹಕಾರ ಕೊಟ್ಟವರು ಯಾರು, ಕೈಕೊಟ್ಟವರು ಯಾರು ಎಂದು ನೋಡಿದವರಲ್ಲಿ ನಾನೂ ಒಬ್ಬ. ಪುಸ್ತಿಕೆ ಬರೆದವರು ನೋಡಿರಲಿಲ್ಲ.

ಆ ದಾದಿ ಪೆರ್ಪೆತುವಾ ದಾವೊನಾ. ಯುದ್ಧಕ್ಕೆ ಮುಂಚೆ ಮಿಷನ್ನಿನಲ್ಲಿ ತರಬೇತಿ ಪಡೆದು, ಬಿಳಿ ಟೊಪ್ಪಿ ಹಾಕಿಕೊಂಡು ಊರ ಔಷಧಿಮನೆಯಲ್ಲಿ ಕೂರುತ್ತಿದ್ದವಳು. ಯುದ್ಧದಲ್ಲಿ ಔಷಧಿಮನೆ ಸುಟ್ಟಿತು, ಅದರ ಜೊತೆ ಟೊಪ್ಪಿ, ಪ್ರಮಾಣಪತ್ರ ಎಲ್ಲವೂ ಸುಟ್ಟವು. ಸರ್ಕಾರದ ಸೇನೆ ದ್ವೀಪಕ್ಕೆ ಹಾಕಿದ ದಿಗ್ಬಂಧನದ ವರ್ಷಗಳಲ್ಲಿ ಒಂದು ಮಾತ್ರೆಯೂ ಬೆಟ್ಟ ಹತ್ತದಿದ್ದಾಗ ಆಕೆ ಹಳೆಯ ಲಂಗ ಹರಿದು, ಕುದಿಸಿ ಗಾಯಕ್ಕೆ ಕಟ್ಟಿದಳು, ತೆಂಗಿನೆಣ್ಣೆ ಹಚ್ಚಿದಳು, ಬಿದಿರಿನ ಸೀಳಿನಿಂದ ಹೊಕ್ಕುಳಬಳ್ಳಿ ಕತ್ತರಿಸಿದಳು. ಇನ್ನೂರಕ್ಕೂ ಹೆಚ್ಚು ಕೂಸುಗಳು ಆಕೆಯ ಕೈಗೇ ಬಿದ್ದವು. ಆ ಕೂಸುಗಳಲ್ಲಿ ಒಂದೂ ಲಸಿಕೆಯ ಸೂಜಿ ಕಂಡಿರಲಿಲ್ಲ.

ಆಕೆಯ ಎದೆಯಲ್ಲಿ ಒಂದು ಮುಳ್ಳಿತ್ತು. ಯುದ್ಧದ ಮೂರನೆಯ ವರ್ಷ ಕರಾವಳಿಯ ಸೇನಾ ಶಿಬಿರದವರು ‘ಔಷಧಿ ದಿನ’ ಮಾಡಿದರು. ಅವರೂ ಸಮವಸ್ತ್ರದವರೇ. ಮಲೇರಿಯಾ ಮಾತ್ರೆ ಸಿಗುತ್ತದೆಂದು ಪೆರ್ಪೆತುವಾ ತಾನೇ ಮುಂದೆ ನಿಂತು ಬೆಟ್ಟದ ಹೆಂಗಸರನ್ನು ಇಳಿಸಿಕೊಂಡು ಹೋದಳು. ಮಾತ್ರೆ ಸಿಕ್ಕಿತು. ಕೊಡುವ ಮುಂಚೆ ಒಬ್ಬ ಹೆಸರು, ಊರು, ಗಂಡ ಯಾರು, ಅಣ್ಣತಮ್ಮಂದಿರು ಯಾರು ಎಂದು ಕೇಳಿ ಕೇಳಿ ಬರೆದುಕೊಂಡ. ಮೂರು ವಾರದ ಮೇಲೆ ಆ ಪಟ್ಟಿಯಲ್ಲಿದ್ದ ನಾಲ್ವರು ಗಂಡಸರನ್ನು ಬಂಡುಕೋರರೆಂದು ಹೊಳೆಯ ದಾಟಿನಲ್ಲಿ ಹಿಡಿದುಕೊಂಡು ಹೋದರು. ಯಾರೂ ಮರಳಲಿಲ್ಲ. ಒಬ್ಬ ಪೆರ್ಪೆತುವಾಳ ತಮ್ಮ ತಾವೊರಾ. ನಮ್ಮಲ್ಲಿ ನೆಲ ಹೆಣ್ಣಿನದು, ಕುಲ ಹೆಣ್ಣಿನದು, ಹೆಣ್ಣಿಗೆ ಒಡಹುಟ್ಟಿದವನೇ ಬಲಗೈ. ಆ ಕೈಯನ್ನು ಆಕೆ ತಾನೇ ಹೇಳಿ ಬರೆಸಿದ್ದಳು.

ಆಮೇಲೆ ಮೇಲಿನ ಸಿಪೊರೊ ಹಾಡಿಯವರು ಯಾವ ಸಮವಸ್ತ್ರ ಕಂಡರೂ ಕಾಡು ಸೇರುವುದನ್ನು ಕಲಿತರು. ಹೆರಿಗೆಗೆ ಪೆರ್ಪೆತುವಾಳನ್ನು ಕರೆಯುತ್ತಿದ್ದರು, ಆಕೆ ಕರೆದಲ್ಲಿಗೆ ಮಾತ್ರ ತಾವು ಹೋಗುತ್ತಿರಲಿಲ್ಲ.

ಕದನವಿರಾಮ ಬಂತು. ಅದನ್ನು ಕಾಯಲು ಹಳದಿ ಅಂಗಿಯವರು ಬಂದರು. ಹೊರದೇಶಗಳ ಸೈನಿಕರು, ಕೈಯಲ್ಲಿ ಬಂದೂಕಿಲ್ಲ. ಕೆಲವರು ಗಿಟಾರು ಬಾರಿಸುತ್ತಿದ್ದರು. ಒಳ್ಳೆಯವರೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಒಂದು ಬೆಳಿಗ್ಗೆ ಅವರ ತಂಡ ತಣ್ಣನೆಯ ಪೆಟ್ಟಿಗೆ ಹೊತ್ತು ತೊಯಿಮಾನಾಕ್ಕೆ ಬಂತು. ಕರಾವಳಿಯಲ್ಲಿ ದಡಾರ ಎದ್ದಿತ್ತು. ಅದು ಹೊಳೆಗುಂಟ ಮೇಲೆ ಬರುವ ಮುಂಚೆ ಮಕ್ಕಳಿಗೆ ಸೂಜಿ ಬೀಳಬೇಕು. ಪೆಟ್ಟಿಗೆಯೊಳಗಿನ ಮಂಜುಗಡ್ಡೆ ಮಾರನೆಯ ದಿನ ಸಂಜೆಯವರೆಗೆ ತಡೆಯುತ್ತಿತ್ತು, ಅಷ್ಟೇ.

ತಂಡದ ಕ್ಯಾಪ್ಟನ್ ಪ್ರೆಂಟಿಸ್ ಮೇಜು ಹಾಕಿಸಿ, ಮೊದಲು ನಮೂನೆಯ ಹಾಳೆಗಳನ್ನು ಜೋಡಿಸಿದ. ಅವನ ಮಾತನ್ನು ನಮಗೆ ದಾಟಿಸುತ್ತಿದ್ದವನು ಕಲ್ತಾಕ್, ವನುವಾಟು ದ್ವೀಪಗಳ ಕಾರ್ಪೊರಲ್, ಸೂಜಿ ಹಾಕುವವನೂ ಅವನೇ. ಅವನ ಊರಿನ ಬೆರಕೆಮಾತು ಪಿಜಿನ್ ನಮ್ಮ ಬೆರಕೆಮಾತಿಗೆ ಸೋದರ. ಮಾತಾಡಿದರೆ ನೆಂಟರ ಮನೆಯವನು ಬಂದಂತಿತ್ತು.

“ಅಮ್ಮಾ, ಮಗು ಹೆಸರು, ಅಪ್ಪನ ಹೆಸರು, ಊರು. ಇಷ್ಟು ಬರೀಬೇಕಂತೆ,” ಎಂದ.

“ಅಪ್ಪನ ಹೆಸರು ಯಾಕೆ? ಸೂಜಿ ಚುಚ್ಚೋದು ಮಗೂಗಾ, ಅಪ್ಪನಿಗಾ?”

ಸುತ್ತ ಕೂತವರು ನಕ್ಕರು. ಪೆರ್ಪೆತುವಾ ನಗಲಿಲ್ಲ. “ನಿಮ್ಮ ಸಾಹೇಬನಿಗೆ ಹೇಳು. ಒಂದಕ್ಷರ ಬರೆದ್ರೂ ಸಿಪೊರೊದಿಂದ ಒಂದು ಕೋಳಿಮರಿನೂ ಇಳಿಯಲ್ಲ. ಬರೀಲೇಬೇಕು ಅಂದ್ರೆ ಪೆಟ್ಟಿಗೆ ಎತ್ಕೊಂಡು ಹೊರಡಿ.”

ಕ್ಯಾಪ್ಟನ್ ತಾಳ್ಮೆಯಿಂದ ವಿವರಿಸಿದ. ಹೆಸರಿಲ್ಲದಿದ್ದರೆ ಯಾವ ಮಗುವಿಗೆ ಆಯಿತು, ಯಾವುದಕ್ಕೆ ಇಲ್ಲ ಎಂದು ತಿಳಿಯುವುದು ಹೇಗೆ? ಪೆರ್ಪೆತುವಾ ಎದ್ದು ಬೇಲಿಯ ಕೆಂಪು ತಂಗೆತ್ ಗಿಡದ ಎಲೆ ಕಿತ್ತು, ಉದ್ದಕ್ಕೆ ಸೀಳಿ, ಒಂದು ಗಂಟು ಹಾಕಿ ಕಲ್ತಾಕನ ಮಣಿಕಟ್ಟಿಗೆ ಕಟ್ಟಿದಳು. ನಮ್ಮಲ್ಲಿ ಸಂಧಾನಕ್ಕೆ ಕರೆಯುವುದಾದರೂ ಔತಣಕ್ಕೆ ಕರೆಯುವುದಾದರೂ ತಂಗೆತ್ ಎಲೆಗೆ ಗಂಟು ಹಾಕಿ ಕಳಿಸುತ್ತೇವೆ, ಗಂಟಿಗೊಂದು ದಿನ. ಅದು ಕೊಟ್ಟ ಮಾತು. ಮುರಿದವನ ಮುಖ ಯಾರೂ ನೋಡುವುದಿಲ್ಲ.

“ಸೂಜಿ ಬಿದ್ದ ಕೈಗೆ ಒಂದು ಗಂಟು. ಸಾಕಲ್ಲ?”

ಕಲ್ತಾಕ್ ಕೈ ತಿರುಗಿಸಿ ನೋಡಿಕೊಂಡ. “ಸರ್, ನಮ್ಮಲ್ಲೂ ಎಲೆನೇ ಲೆಕ್ಕ, ಎಲೆನೇ ಕಾನೂನು. ಇದು ಸಾಕು.” ಕ್ಯಾಪ್ಟನ್ ಗಡಿಯಾರ ನೋಡಿ ಒಪ್ಪಿದ.

ಪೆರ್ಪೆತುವಾ ಒಂದೇ ಗಂಟಿನ ಎಲೆ ಹಿಡಿದು ತಾನೇ ಸಿಪೊರೊ ಹತ್ತಿದಳು. ಏನು ಹೇಳಿದಳೆಂದು ಆಮೇಲೆ ಗೊತ್ತಾಯಿತು: “ಒಂದು ಸಲ ನಿಮ್ಮನ್ನ ಕರ್ಕೊಂಡು ಹೋಗಿ ನನ್ನ ತಮ್ಮನ್ನೇ ಕಳ್ಕೊಂಡೆ. ಈ ಸಲ ಬರೆಯಲ್ಲ ಅಂತ ಮಾತು ಕೊಟ್ಟಿದ್ದಾರೆ. ಸುಳ್ಳಾದ್ರೆ ಈ ಬೆಟ್ಟಕ್ಕೆ ಮತ್ತೆ ಕಾಲಿಡಲ್ಲ.”

ಮಾರನೆಯ ದಿನ ಅವರು ಇಳಿದರು. ನಮ್ಮೂರಿನವೂ ಸೇರಿ ನಲವತ್ತಮೂರು ಮಕ್ಕಳು. ಕಲ್ತಾಕ್ ಚುಚ್ಚಿದ, ಪೆರ್ಪೆತುವಾ ಗಂಟು ಕಟ್ಟಿದಳು. ಒಬ್ಬ ಮುದುಕಿ ತನ್ನ ತೋಳನ್ನೂ ಒಡ್ಡಿ, “ನಂಗೂ ಹಾಕಪ್ಪಾ, ಮಕ್ಕಳು ಸುಮ್ನೆ ಅಳ್ತವೆ, ಹೇಗೆ ಹಾಕಿಸ್ಕೋಬೇಕು ಅಂತ ತೋರಿಸ್ತೀನಿ,” ಎಂದಳು. “ಅಜ್ಜೀ, ನಿನ್ನ ಚರ್ಮಕ್ಕೆ ನನ್ನ ಸೂಜಿ ಮುರಿಯುತ್ತೆ,” ಎಂದ ಕಲ್ತಾಕ್. ನಗು ಎದ್ದಿತು. ಎಷ್ಟೋ ವರ್ಷದ ಮೇಲೆ ಸಿಪೊರೊದವರು ನಮ್ಮ ಅಂಗಳದಲ್ಲಿ ಕೂತು ನಕ್ಕಿದ್ದರು.

ಆ ನಗುವೇ ಕ್ಯಾಪ್ಟನ್ನನ ಕಣ್ಣಿಗೆ ಬಿತ್ತು. ವರದಿಗೆ ಒಂದು ಫೋಟೊ ಬೇಕಲ್ಲ. ಕ್ಯಾಮೆರಾ ತೆಗೆದು ಕ್ಲಿಕ್ಕಿಸಿದ. ಮಿಂಚು ಹೊಡೆಯಿತು.

ಹೆಸರು ಬರೆಯುವುದಿಲ್ಲ ಎಂದವನು ಮುಖವನ್ನೇ ಬರೆದುಕೊಂಡ. ಉಪಕಾರ ಮಾಡುವವರಿಗೆ ಈ ಚಟವೇಕೆ? ಬಾಯಾರಿದವನಿಗೆ ನೀರು ಕೊಟ್ಟರೆ ಸಾಲದು, ಅವನು ಕುಡಿಯುವುದನ್ನು ಊರಿಗೆ ತೋರಿಸಬೇಕು. ಕೆಟ್ಟ ಉದ್ದೇಶವಿರಲಿಲ್ಲ ಎನ್ನುತ್ತಾರೆ. ಇರಲಿಲ್ಲ, ನಿಜ. ಉದ್ದೇಶ ಒಳ್ಳೆಯದಿದ್ದವನು ಕೇಳಿ ತೆಗೆಯಬಹುದಿತ್ತು.

ತಾಯಂದಿರು ಎದ್ದರು. ಸಾಲಿನಲ್ಲಿ ಮುಂದೆಯೇ ನಿಂತಿದ್ದ ಲುದ್ವಿನಾ ಎಂಬಾಕೆ ಸೊಂಟದ ಕೂಸನ್ನೂ ನಾಲ್ಕು ವರ್ಷದ ಮಗಳು ನೇಸಿಯನ್ನೂ ಎಳೆದುಕೊಂಡು ಕಾಡಿನತ್ತ ಓಡಿದಳು. ಅವಳ ಹಿಂದೆ ಉಳಿದವರು. ಕಲ್ತಾಕ್ ಸೂಜಿ ಕೆಳಗಿಟ್ಟು, “ಕೊಡಿ ಸರ್,” ಎಂದು ಕ್ಯಾಪ್ಟನ್ನನ ಕೈಯಿಂದ ಕ್ಯಾಮೆರಾ ತೆಗೆದುಕೊಂಡು, ಹಿಂಭಾಗ ತೆರೆದು, ಫಿಲ್ಮ್ ಸುರುಳಿಯನ್ನೆಲ್ಲ ಬಿಸಿಲಿಗೆ ಎಳೆದು ಹಾಕಿದ. ಕ್ಯಾಪ್ಟನ್ ಕೆಂಪಾದ. ಅದನ್ನು ನೋಡಿ ಕೆಲವರು ಮರಳಿ ಕೂತರು. ಹನ್ನೆರಡು ಮಕ್ಕಳು ಸೂಜಿಯಿಲ್ಲದೆ ಬೆಟ್ಟ ಸೇರಿಬಿಟ್ಟಿದ್ದವು.

“ಉಳಿದ ಔಷಧಿ, ಒಂದಿಷ್ಟು ಮಂಜು ನನ್ನ ಹತ್ರ ಬಿಡಿ,” ಎಂದಳು ಪೆರ್ಪೆತುವಾ. “ಈಗಲೇ ಹತ್ತಿ ಹಾಕಿ ಬರ್ತೀನಿ.”

ಕ್ಯಾಪ್ಟನ್ ಏನೋ ಕೇಳಿದ. ಕಲ್ತಾಕ್ ಅದನ್ನು ದಾಟಿಸಿದ. “ಅಮ್ಮಾ... ನಿಮ್ಮ ಪ್ರಮಾಣಪತ್ರ ಎಲ್ಲಿ ಅಂತ ಕೇಳ್ತಿದ್ದಾರೆ.”

ಪೆರ್ಪೆತುವಾ ಸುಟ್ಟ ಔಷಧಿಮನೆಯ ಕಂಬಗಳತ್ತ ಕೈ ತೋರಿಸಿದಳು. “ಅಲ್ಲಿದೆ. ಬೂದಿ ಕೆದಕೋಕೆ ಹೇಳು.”

ನಾಲ್ಕು ಗಂಟೆಗೆ ಹೆಲಿಕಾಪ್ಟರ್ ಪೆಟ್ಟಿಗೆಯನ್ನು ಹೊತ್ತುಕೊಂಡು ಹೋಯಿತು. ಒಳಗಿದ್ದ ಹನ್ನೆರಡು ಮಕ್ಕಳ ಪಾಲು ಕರಾವಳಿಯಲ್ಲಿ ಬೆಚ್ಚಗಾಗಿ ಕಸಕ್ಕೆ ಹೋಯಿತೆಂದು ನಂತರ ಕೇಳಿದೆವು. ಅದು ಯಾವ ಪುಟದಲ್ಲೂ ಅಚ್ಚಾಗಿಲ್ಲ.

ಐದು ವಾರದ ಮೇಲೆ ದಡಾರ ಸಿಪೊರೊ ಹತ್ತಿತು. ಗಂಟು ಕಟ್ಟಿಸಿಕೊಂಡ ಮಕ್ಕಳು ಉಳಿದವು. ಕಟ್ಟಿಸಿಕೊಳ್ಳದವರಲ್ಲಿ ಐದು ಮಕ್ಕಳು ಮಲಗಿದವು. ನೇಸಿ ಏಳಲಿಲ್ಲ.

ಪೆರ್ಪೆತುವಾ ಸಾವಿನ ಮನೆಗೆ ಹೋದಳು. ಬಾಗಿಲಲ್ಲೇ ನಿಂತಳು. ಒಳಗಿಂದ ಲುದ್ವಿನಾ ಕೇಳಿದಳು.

“ನೀನು ಕರೆದೆ, ಬಂದೆ. ಅವನು ಮಿಂಚು ಹೊಡೆದ, ಓಡಿದೆ. ಇದರಲ್ಲಿ ನನ್ನ ತಪ್ಪು ಯಾವುದು, ಹೇಳು.”

“ಯಾವುದೂ ಅಲ್ಲ.”

“ಹಾಗಾದ್ರೆ ನಿಂದೂ ಅಲ್ಲ. ಕೂತ್ಕೋ.”

ಮೂರನೆಯ ದಿನ ಪೆರ್ಪೆತುವಾ ಕರಾವಳಿಗೆ ನಡೆದಳು, ಎರಡು ದಿನದ ದಾರಿ. ಹಳದಿ ಅಂಗಿಯವರ ಮನೆಯ ಮೆಟ್ಟಿಲ ಮೇಲೆ ಕೂತು, ಸಿಪೊರೊದಲ್ಲಿ ರೋಗ ತಾಗದೆ ಉಳಿದಿರುವ ಏಳು ಮಕ್ಕಳಿಗೆ ಲಸಿಕೆ ಕೊಡದೆ ಏಳುವುದಿಲ್ಲ ಎಂದಳು. ಕ್ಯಾಮೆರಾ ತೆರೆದ ತಪ್ಪಿಗೆ ಅಡುಗೆಮನೆಯ ಕೆಲಸಕ್ಕೆ ಬಿದ್ದಿದ್ದ ಕಲ್ತಾಕ್ ಊಟ ತಂದಿಟ್ಟ. ಆಕೆ ತಿನ್ನಲಿಲ್ಲ. ದಾಟಿಕೊಂಡು ಹೋಗುವವರೆಲ್ಲ ನಮಸ್ಕಾರ ಹೇಳಿದರು. ಅದನ್ನೂ ತೆಗೆದುಕೊಳ್ಳಲಿಲ್ಲ. ಹಾಗೆ ಕೂತ ಮೂರನೆಯ ದಿನ ಹೊಸದಾಗಿ ಬಂದ ವೈದ್ಯೆಯೊಬ್ಬಳು ಆಕೆಯ ಎದುರು ಕೂತು, ಸೂಜಿ ಹಿಡಿದು ತೋರಿಸು ಎಂದಳು. ತೋರಿಸಿದಳು. ಅಷ್ಟೇ ಸಾಕಿತ್ತು. ಆ ದಿನ ನಮ್ಮ ಅಂಗಳದಲ್ಲೂ ಅಷ್ಟೇ ಸಾಕಾಗುತ್ತಿತ್ತು.

ಪೆಟ್ಟಿಗೆ ಹೊರಲು ಕಲ್ತಾಕ್ ತಾನಾಗಿ ಬಂದ. ಸಿಪೊರೊದ ಕೆಳಗಿನ ತೊರೆಯ ಬಳಿ ಪೆರ್ಪೆತುವಾ ಅವನನ್ನು ತಡೆದಳು. “ಇಲ್ಲೇ ಕೂತಿರು ತಮ್ಮಾ. ಆಚೆ ನಿನ್ನನ್ನ ಕರೆಯೋದು ನನ್ನ ಕೈಲಿಲ್ಲ.”

ಅವನು ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಕಲ್ಲಿನ ಮೇಲೆ ಕೂತ. ಪೆರ್ಪೆತುವಾ ಮೇಲೆ ಹೋಗಿ ಹೇಳಿದಳು. ತುಸು ಹೊತ್ತಿನಲ್ಲಿ ಕೂಸನ್ನು ಸೊಂಟಕ್ಕಿಟ್ಟುಕೊಂಡು ಲುದ್ವಿನಾ ತೊರೆಯ ಅಂಚಿಗೆ ಇಳಿದಳು. ಹಳದಿ ಅಂಗಿಯನ್ನು ನೋಡಿದಳು, ಅವನ ಬರಿಗೈ ನೋಡಿದಳು. ಸುರುಳಿಯನ್ನು ಬಿಸಿಲಿಗೆ ಎಳೆದವನು ಇವನೇ ಎಂದು ಆಕೆಗೆ ಯಾರೋ ಹೇಳಿದ್ದರು.

“ಅಕ್ಕನಿಗೆ ಮಂಡಿ ನೋವು,” ಎಂದಳು. “ಪೆಟ್ಟಿಗೆ ನೀನೇ ಹೊತ್ಕೊಂಡು ಬಾ. ಕಲ್ಲು ಜಾರುತ್ತೆ, ಎಡಗಡೆಯಿಂದ ದಾಟು.”