ಮರುಭೂಮಿಯಲ್ಲಿ ಮಗಳ ಡ್ರಮ್ಸ್

“ಆ ಡ್ರಮ್ಸ್ ಬಾರಿಸಾಕತ್ತಾಳಲ್ಲ, ಆಕಿ ನನ್ನ ಮಗಳು,” ಎಂದರು ಪಕ್ಕದಲ್ಲಿದ್ದ ಹಿರಿಯರು. ಅಮ್ಮನ ಜೊತೆ ನಾನು ಫೋನಿನಲ್ಲಿ ಆಡಿದ ಕನ್ನಡ ಅವರ ಕಿವಿಗೆ ಬಿದ್ದಿತ್ತು.

ಮರುಭೂಮಿಯ ಆ ರಾಕ್ ಉತ್ಸವಕ್ಕೆ ನಾನಿರುವ ಸ್ಟರ್ಲಿಂಗ್ ಹೈಟ್ಸ್ ಊರಿನಿಂದ ನಾನೊಬ್ಬಳೇ ಹೋಗಿದ್ದೆ. ಬರುತ್ತೇವೆಂದಿದ್ದ ಗೆಳತಿಯರು ಬರಲಿಲ್ಲ. ನಡು ಮಧ್ಯಾಹ್ನ, ನೂರ ಆರು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಚಿಕ್ಕ ವೇದಿಕೆಯ ಮುಂದೆ ಬೆರಳೆಣಿಕೆಯ ಜನ. ಹುಬ್ಬಳ್ಳಿ ಮೂಲದ ಈ ಅಂಕಲ್ ಸ್ಕೋಕಿ ಎಂಬ ದೂರದ ಊರಿನಿಂದ ಬಂದಿದ್ದರು. ಡ್ರಮ್ಸ್ ಬಿಡು ಎಂದು ಹಟ ಹಿಡಿದದ್ದಕ್ಕೆ ಮಗಳು ಮನೆ ಬಿಟ್ಟಿದ್ದಳಂತೆ. ಮಾತು ನಿಂತು ವರ್ಷಗಳೇ ಆಗಿದ್ದವು.

ಹಾಡು ಮುಗಿದಾಗ ಎಲ್ಲರೂ ನೆರಳಿಗೆ ಓಡಿದರು. ಅಂಕಲ್ ಮಾತ್ರ ಚಪ್ಪಾಳೆ ತಟ್ಟುತ್ತಲೇ ಇದ್ದರು. ಆ ಹುಡುಗಿ ಕಣ್ಣಿಗೆ ಕೈ ಅಡ್ಡ ಹಿಡಿದು ನಮ್ಮತ್ತ ನೋಡಿದಳು. ಅವರು ತಟ್ಟನೆ ತಿರುಗಿ ನಿಂತರು.

“ಹೋಗಿ ಮಾತಾಡಿಸಿ ಅಂಕಲ್,” ಅಂದೆ.

“ಬ್ಯಾಡವ್ವ. ಇವತ್ತು ಭಾಳ ಚಲೋ ಬಾರಿಸ್ಯಾಳ. ನನ್ನ ನೋಡಿ ಆಕಿ ಖುಷಿ ಹಾಳಾಗೂದು ಬ್ಯಾಡ,” ಎಂದು ಗೇಟಿನ ಕಡೆ ನಡೆದೇಬಿಟ್ಟರು.

ಸ್ವಲ್ಪ ಹೊತ್ತಿಗೆ ಆಕೆ ಇಳಿದು ಬಂದು, ಇಲ್ಲಿ ನಿಂತಿದ್ದವರು ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಿಮ್ಮಪ್ಪ ಎಂದೆ. ಗೇಟಿನ ಹತ್ತಿರ ಧೂಳು ಬಿಟ್ಟರೆ ಯಾರೂ ಇರಲಿಲ್ಲ. ಆಕೆ ಬಿಸಿಲಲ್ಲೇ ನಿಂತು ಆ ಕಡೆ ನೋಡಿದಳು. ಆಮೇಲೆ ವಾಪಸ್ ಹೋಗಿ ಡ್ರಮ್ಸ್ ಬಿಚ್ಚತೊಡಗಿದಳು.

ಸಂಜೆ ನಾನು ಆಸೆಪಟ್ಟು ಬಂದಿದ್ದ ಬ್ಯಾಂಡ್ ನುಡಿಸಿತು. ಸುತ್ತ ಸಾವಿರಾರು ಜನ ಕುಣಿಯುತ್ತಿದ್ದರು. ಅವರ ನಡುವೆ ನಿಂತು ನಾನು, ಯಾರಾದರೂ ಒಮ್ಮೆ ಮಾತಾಡಿಸಿಯಾರೇ ಎಂದು ಕಾಯುತ್ತಿದ್ದೆ.